ಬಾಡಿಗೆ ಬೈಕಿಗೆ ಮೊದಲು ಜಾಗ ಗುರುತಿಸಿ

ಕಾಸರಗೋಡು ರೈಲ್ವೆ ನಿಲ್ದಾಣದಲ್ಲಿ ಇಳಿದವರು ವಿದ್ಯಾನಗರದ ಕಲೆಕ್ಟರೇಟಿಗೋ ಸರಕಾರಿ ಕಾಲೇಜಿಗೋ ಹೋಗಬೇಕಾದರೆ ಆಟೋ ಹಿಡಿಯಬೇಕು, ಇಲ್ಲವೇ ಪೇಟೆಗೆ ಬಂದು ಬಸ್ಸು ಕಾಯಬೇಕು. ಇಂಥ ಊರಿಗೆ ಬಾಡಿಗೆ ಬೈಕು ಬೇಡವೆನ್ನುವುದು ತಪ್ಪು. ಆದರೆ ರಸ್ತೆಬದಿಯನ್ನು ಯಾವುದೋ ಆ್ಯಪ್ ಕಂಪನಿಗೆ ಒಪ್ಪಿಸಿ ನಗರಸಭೆ ಕೈತೊಳೆದುಕೊಳ್ಳುವುದು ಅದಕ್ಕಿಂತ ದೊಡ್ಡ ತಪ್ಪು.

ಮೈಸೂರು 2017ರ ಜೂನ್‌ನಲ್ಲಿ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ ಯೋಜನೆ ಆರಂಭಿಸಿದಾಗ ಸುಮಾರು 450 ಸೈಕಲ್‌ಗಳ ಜತೆಗೆ ನಗರದಾದ್ಯಂತ ನಿಲ್ದಾಣಗಳನ್ನೂ ಕಟ್ಟಿತು. ಒಂದು ಕಡೆ ಸೈಕಲ್ ತೆಗೆದವರು ಇನ್ನೊಂದು ನಿಲ್ದಾಣದಲ್ಲೇ ಅದನ್ನು ಬೀಗಕ್ಕೆ ಸಿಕ್ಕಿಸಬೇಕಿತ್ತು. ಮಹಾನಗರಪಾಲಿಕೆಯೇ ಯೋಜನೆಯ ಹೊಣೆ ಹೊತ್ತದ್ದರಿಂದ ದೂರು ಕೊಡಲು ಜನರಿಗೆ ಒಂದು ಬಾಗಿಲಿತ್ತು.

ಬೆಂಗಳೂರಿನ ಕಥೆ ಬೇರೆ. ಅಲ್ಲಿ ಮುಂದೆ ಬಂದದ್ದು ಆ್ಯಪ್ ಕಂಪನಿಗಳು. ಚೀನಾದ ಬಾಡಿಗೆ ಸೈಕಲ್ ಕಂಪನಿ ಓಫೊ 2018ರಲ್ಲಿ ಭಾರತದಿಂದಲೇ ಕಾಲ್ತೆಗೆಯಿತು. ಝೂಮ್‌ಕಾರ್‌ನ ಸೈಕಲ್ ಸೇವೆ ‘ಪೆಡಲ್’ ಕೂಡ ಉಳಿಯಲಿಲ್ಲ. ಉಳಿದ ಯುಲು ವಿದ್ಯುತ್ ಬೈಕಿನತ್ತ ಹೊರಳಿತು. ಗಂಟೆಗೆ 25 ಕಿ.ಮೀ. ಮೀರದ ಆ ವಾಹನಕ್ಕೆ ಲೈಸೆನ್ಸ್ ಬೇಡ. ಸ್ವಂತ ಬೈಕಿಲ್ಲದ ಎಷ್ಟೋ ಡೆಲಿವರಿ ಹುಡುಗರ ಹೊಟ್ಟೆಪಾಡು ಅದರ ಮೇಲೆ ನಡೆಯುತ್ತಿದೆ. ಈ ಉಪಕಾರ ಸಣ್ಣದಲ್ಲ. ಹಾಗೆಂದು ಫುಟ್‌ಪಾತಿನ ನಡುವೆ ಬೈಕು ನಿಲ್ಲಿಸಿ ಹೋದರೆ ಮುದುಕರು, ಗಾಲಿಕುರ್ಚಿಯವರು ರಸ್ತೆಗಿಳಿಯಬೇಕೇ? ಇಂಥದೇ ಕಿರಿಕಿರಿಗೆ ಬೇಸತ್ತು ಪ್ಯಾರಿಸ್ 2023ರ ಏಪ್ರಿಲ್‌ನಲ್ಲಿ ಬಾಡಿಗೆ ಇ-ಸ್ಕೂಟರ್ ಬಗ್ಗೆ ಜನಮತ ಕೇಳಿತು. ಮತ ಹಾಕಿದವರು ಶೇ. 8ಕ್ಕಿಂತ ಕಡಿಮೆ, ನಿಜ; ಆದರೆ ಅವರಲ್ಲಿ ಶೇ. 89 ಮಂದಿ ಬೇಡವೆಂದರು. ಅದೇ ಪ್ಯಾರಿಸ್‌ನಲ್ಲಿ 2007ರಿಂದ ನಿಗದಿತ ನಿಲ್ದಾಣಗಳಿಂದ ಓಡುವ ವೆಲಿಬ್ ಸೈಕಲ್ ಇಂದಿಗೂ ಇದೆ.

ಕಾಸರಗೋಡಿನ ಮುರಕಲ್ಲು ಗುಡ್ಡದ ಏರಿಗೂ ಆಟಿಯ ಮಳೆಗೂ ಬರೀ ಪೆಡಲ್ ಸೈಕಲ್ ಸಾಲದು, ವಿದ್ಯುತ್ ಬೈಕೇ ಬೇಕು. ಆದರೆ ಅದು ಷಟ್ಪಥದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಲಾರಿಗಳ ನಡುವೆ ನುಸುಳಬಾರದು. ಸರ್ವಿಸ್ ರಸ್ತೆಯಲ್ಲಿ ಅದಕ್ಕೆ ಗೆರೆ ಎಳೆದ ದಾರಿ ಬೇಕು.

ಸ್ವಂತ ಬಳಕೆಗೆಂದು ನೋಂದಾಯಿಸಿದ ಬೈಕನ್ನು ಗುಟ್ಟಾಗಿ ಬಾಡಿಗೆಗೆ ಬಿಡುವವರನ್ನಂತೂ ಸಹಿಸಬಾರದು. ಕೇಂದ್ರದ 1997ರ ಯೋಜನೆಯ ಪ್ರಕಾರ ಬೈಕು ಬಾಡಿಗೆಗೆ ಕೊಡಲು ಪರವಾನಗಿ ಬೇಕು, ಕನಿಷ್ಠ ಐದು ವಾಹನ ಇರಬೇಕು. ಇದನ್ನು ತಪ್ಪಿಸಿದ ಬೈಕು ಅಪಘಾತಕ್ಕೆ ಸಿಕ್ಕಿದರೆ ವಿಮೆ ಕೈಕೊಡಬಹುದು, ನರಳುವುದು ಓಡಿಸಿದವನ ಮನೆ.

ಆಟೋದವರ ಆತಂಕವನ್ನೂ ತಳ್ಳಿಹಾಕುವಂತಿಲ್ಲ. ಸ್ಟ್ಯಾಂಡಿನಲ್ಲಿ ಸರದಿ ಕಾದು ದುಡಿಯುವವರ ಜತೆ ಮಾತಾಡದೆ ಅವರ ಎದುರಿಗೇ ಬೈಕು ಸಾಲು ನಿಲ್ಲಿಸಿದರೆ ಜಗಳ ಖಂಡಿತ. ರೈಲ್ವೆ ನಿಲ್ದಾಣ, ಹೊಸ ಬಸ್ ನಿಲ್ದಾಣ, ವಿದ್ಯಾನಗರ: ಈ ಮೂರು ಕಡೆ ನಗರಸಭೆ ಮೊದಲು ಜಾಗ ಗುರುತಿಸಲಿ, ಆಮೇಲೆ ಟೆಂಡರ್ ಕರೆಯಲಿ. ಕರಾರಿನಲ್ಲಿ ಇನ್ನೊಂದು ಷರತ್ತೂ ಇರಲಿ: ಆ್ಯಪ್, ದರಪಟ್ಟಿ, ಸಹಾಯವಾಣಿ ಮಲಯಾಳದ ಜತೆ ಕನ್ನಡದಲ್ಲೂ ಇರಬೇಕು. ಭಾಷಾ ಅಲ್ಪಸಂಖ್ಯಾತರ ಈ ನೆಲದಲ್ಲಿ ಅದನ್ನು ಒಪ್ಪದ ಕಂಪನಿಗೆ ಗುತ್ತಿಗೆ ಕೊಡಬಾರದು.