ಪ್ರತಿ ಎಲೆಗೂ ಬಡಿಸಬೇಕಾದ ಹವಳ

ಸನ್ ಕೋರಲ್ ಅಂತ ಒಂದು ಹವಳ ಇದೆ. ಕಿತ್ತಳೆ, ಹಳದಿ ಬಣ್ಣ. ಅರಳಿ ನಿಂತಾಗ ಸೇವಂತಿಗೆ ಗೊಂಚಲನ್ನು ಉಪ್ಪುನೀರಲ್ಲಿ ಮುಳುಗಿಸಿಟ್ಟ ಹಾಗೆ ಕಾಣತ್ತೆ. ಮನೆಯಲ್ಲಿ ಸಮುದ್ರದ ಅಕ್ವೇರಿಯಂ ಇಡುವವರ ನಡುವೆ ಇದರ ಬಗ್ಗೆ ಒಂದು ಮಾತು ಓಡಾಡತ್ತೆ: "ಇದಕ್ಕೆ ದುಬಾರಿ ಲೈಟ್ ಬೇಡ, ಹಾಗಾಗಿ ಸಾಕೋದು ಸುಲಭ." ಈ ಮಾತಿನ ಮೊದಲ ಅರ್ಧ ನಿಜ, ಎರಡನೇ ಅರ್ಧ ಸುಳ್ಳು. ಮೊದಲನೆಯದು ನಿಜ ಆಗಿರೋದರಿಂದಲೇ ಎರಡನೆಯದು ಸುಳ್ಳು ಅನ್ನೋದು ನಮ್ಮ ವಾದ.

ಟ್ಯಾಂಕ್‌ಗಳಲ್ಲಿ ನಾವು ನೋಡುವ ಬಹುಪಾಲು ಹವಳಗಳ ಮೈಯೊಳಗೆ ಸೂಕ್ಷ್ಮ ಪಾಚಿ ವಾಸ ಮಾಡತ್ತೆ. ಬೆಳಕು ಬಿದ್ದರೆ ಪಾಚಿ ಸಕ್ಕರೆ ತಯಾರಿಸತ್ತೆ, ಅದರಲ್ಲಿ ದೊಡ್ಡ ಪಾಲು ಹವಳಕ್ಕೆ ಸಿಗತ್ತೆ. ಅಂದರೆ ಅಡುಗೆಯವರು ಮನೆಯೊಳಗೇ ಇದ್ದಾರೆ, ನಾವು ಕರೆಂಟ್ ಬಿಲ್ ಕಟ್ಟಿದರೆ ಸಾಕು. ಟ್ಯೂಬಾಸ್ಟ್ರಿಯಾ ಕುಲಕ್ಕೆ ಸೇರಿದ ಸನ್ ಕೋರಲ್‌ನಲ್ಲಿ ಈ ಪಾಚಿಯೇ ಇಲ್ಲ. ಹೆಸರಲ್ಲಿ ಸೂರ್ಯ ಇದ್ದರೂ ಅದು ಬದುಕೋದು ಬಂಡೆಯ ಚಾಚಿನ ಕೆಳಗೆ, ಗುಹೆಯ ಬಾಯಲ್ಲಿ, ನೆರಳಲ್ಲಿ. ಕತ್ತಲಾದ ಮೇಲೆ ಬಾಹುಗಳನ್ನು ಚಾಚಿ, ಹರಿಯುವ ನೀರಲ್ಲಿ ತೇಲಿ ಬರುವ ಸಣ್ಣ ಜೀವಿಗಳನ್ನು ಹಿಡಿದು ತಿನ್ನತ್ತೆ. ಟ್ಯಾಂಕ್‌ಗೆ ಬಂದ ಮೇಲೆ ಆ ಹರಿವನ್ನೂ ಆ ಊಟವನ್ನೂ ನಾವೇ ಕೊಡಬೇಕು. ಲೈಟ್‌ನಲ್ಲಿ ಉಳಿದ ದುಡ್ಡನ್ನು ನಮ್ಮ ಸಮಯದಲ್ಲಿ ಕಟ್ಟಬೇಕು, ಅಷ್ಟೇ ವ್ಯತ್ಯಾಸ.

ಊಟ ಹಾಕೋದು ಅಂದರೆ ಮೀನಿಗೆ ಚಿಟಿಕೆ ಉದುರಿಸಿದ ಹಾಗಲ್ಲ. ಸನ್ ಕೋರಲ್‌ನ ಒಂದೊಂದು 'ಹೂವೂ' ಒಂದು ಪಾಲಿಪ್, ಅದಕ್ಕೆ ತನ್ನದೇ ಬಾಯಿ, ತನ್ನದೇ ಹೊಟ್ಟೆ. ಪಕ್ಕದ ಪಾಲಿಪ್ ತಿಂದಿದ್ದರಿಂದ ಇದರ ಹೊಟ್ಟೆ ತುಂಬಿತು ಅಂತ ನಂಬಿ ಕೂರೋ ಹಾಗಿಲ್ಲ. ಇದು ನಮ್ಮ ಮೆಸ್ಸಿನ ಬಫೆ ಅಲ್ಲ, ಮದುವೆ ಮನೆಯ ಪಂಕ್ತಿ. ಸಾಲಾಗಿ ನಡೆದು ಪ್ರತಿ ಎಲೆಗೂ ಬಡಿಸಬೇಕು.

ಕ್ರಮ ಹೀಗಿದೆ. ಫ್ರೋಜನ್ ಮೈಸಿಸ್, ಆರ್ಟೀಮಿಯ ಅಥವಾ ಸಣ್ಣಗೆ ಹೆಚ್ಚಿದ ಸಿಗಡಿಯನ್ನು ಟ್ಯಾಂಕ್ ನೀರಲ್ಲೇ ಕರಗಿಸಿಕೊಳ್ಳಿ. ಪಂಪ್ ನಿಲ್ಲಿಸಿ. ಮೊದಲು ಬರೀ ಆ ರಸವನ್ನು ಒಂದೆರಡು ಹನಿ ಹವಳದ ಮೇಲೆ ಬಿಡಿ, ವಾಸನೆಗೆ ಅದು ಏಳತ್ತೆ. ಹದಿನೈದು ಇಪ್ಪತ್ತು ನಿಮಿಷ ಕಾದರೆ ಬಾಹುಗಳು ಹೊರಗೆ ಬರ್ತವೆ. ಆಮೇಲೆ ಪಿಪೆಟ್ ಹಿಡಿದು ಒಂದೊಂದು ಬಾಯಿಗೆ ಒಂದೊಂದು ತುಣುಕು. ಟ್ಯಾಂಕ್‌ನಲ್ಲಿ ಮೀನು, ಸಿಗಡಿ ಇದ್ದರೆ ಬಡಿಸಿದ್ದನ್ನು ಎಲೆಯಿಂದಲೇ ಎತ್ತಿಕೊಂಡು ಹೋಗ್ತವೆ. ಪ್ಲಾಸ್ಟಿಕ್ ಬಾಟಲಿಯ ತಳ ಕತ್ತರಿಸಿ ಹವಳದ ಮೇಲೆ ಮುಚ್ಚಿ, ಕತ್ತಿನಿಂದ ಊಟ ಬಿಟ್ಟರೆ ಕಳ್ಳರು ಹೊರಗೇ ಉಳೀತಾರೆ. ಎಲ್ಲವೂ ನುಂಗಿದ ಮೇಲೆ ಬಾಟಲಿ ತೆಗೆದು ಪಂಪ್ ಹಾಕಿ. ದಿನಾ ಒಂದೇ ಹೊತ್ತಿಗೆ ಹೀಗೆ ಮಾಡಿದರೆ ರಾತ್ರಿ ಅರಳುವ ಹವಳ ಹಗಲಲ್ಲೂ ಅರಳೋದನ್ನು ಕಲಿಯತ್ತೆ.

ಲೆಕ್ಕ ಹಾಕೋಣ. ಮುಷ್ಟಿ ಗಾತ್ರದ ಗೊಂಚಲಲ್ಲಿ 40 ಪಾಲಿಪ್ ಇವೆ ಅಂತಿಟ್ಟುಕೊಳ್ಳಿ. ಒಂದಕ್ಕೆ 15 ಸೆಕೆಂಡ್ ಅಂದರೆ 10 ನಿಮಿಷ. ಅರಳಲು ಕಾಯೋದು, ತೊಳೆದು ಇಡೋದು ಸೇರಿ ಅರ್ಧ ಗಂಟೆ. ವಾರಕ್ಕೆ ಮೂರು ಸಲ ಅಂದರೂ ವರ್ಷಕ್ಕೆ 78 ಗಂಟೆ. ಇಂಟರ್ನಲ್ಸ್ ಇದೆ, ಫೆಸ್ಟ್ ಇದೆ, ಪ್ಲೇಸ್‌ಮೆಂಟ್ ಇದೆ ಅಂತ ಹವಳ ಕೇಳಲ್ಲ.

ಎರಡನೇ ಲೆಕ್ಕ ನೀರಿನದು. ಪ್ರೋಟೀನ್‌ನ ತೂಕದಲ್ಲಿ ಸುಮಾರು 16% ಸಾರಜನಕ. ಒಣ ತೂಕದಲ್ಲಿ 1 ಗ್ರಾಂ ಆಹಾರ, ಅದರಲ್ಲಿ ಅರ್ಧ ಪ್ರೋಟೀನ್ ಅಂದುಕೊಂಡರೆ 0.08 ಗ್ರಾಂ ಸಾರಜನಕ. ಅದಿಷ್ಟೂ ಕೊನೆಗೆ ನೈಟ್ರೇಟ್ ಆದರೆ 0.35 ಗ್ರಾಂ, ಅಂದರೆ 100 ಲೀಟರ್ ಟ್ಯಾಂಕ್‌ನಲ್ಲಿ ಲೀಟರಿಗೆ 3.5 ಮಿಲಿಗ್ರಾಂ. ವಾರಕ್ಕೆ ಇಷ್ಟು ಸೇರಿಸುತ್ತಾ, ವಾರಕ್ಕೊಮ್ಮೆ 20% ನೀರು ಬದಲಿಸುತ್ತಾ ಹೋದರೆ ನೈಟ್ರೇಟ್ ಎಲ್ಲಿಗೆ ಹೋಗಿ ನಿಲ್ಲತ್ತೆ? ನೀರು ಬದಲಿಸಿದ ಮೇಲೂ ಸುಮಾರು 14 ಮಿಲಿಗ್ರಾಂ. ಊಟ ಎರಡರಷ್ಟು ಮಾಡಿದರೆ 28. ಪ್ರೋಟೀನ್ ಸ್ಕಿಮ್ಮರ್ ಇದ್ದರೆ ಇದು ಇಳಿಯತ್ತೆ, ಯಾಕಂದರೆ ಕೊಳೆಯುವ ಮೊದಲೇ ಅದು ಒಂದಿಷ್ಟು ಕಸವನ್ನು ನೊರೆ ಮಾಡಿ ಎತ್ತತ್ತೆ. ಆದರೂ ಪೆಚ್ಚಾಟ ಇರೋದು ಇಲ್ಲೇ. ಹವಳ ಉಳಿಯಬೇಕಾದರೆ ತುಂಬಾ ಊಟ ಹಾಕಬೇಕು, ಊಟ ಹೆಚ್ಚಾದರೆ ನೀರು ಕೆಡತ್ತೆ, ನೀರು ಕೆಟ್ಟರೆ ಹವಳವೇ ಬಾಡತ್ತೆ. ಹಾಗಾಗಿ ತಿನ್ನದೆ ಉಳಿದ ತುಣುಕನ್ನು ಅವತ್ತೇ ಹೀರಿ ತೆಗೆಯೋದು, ಸ್ಕಿಮ್ಮರ್ ಕಪ್ ತೊಳೆಯೋದು, 24ರಿಂದ 26 ಡಿಗ್ರಿ ತಾಪಮಾನ ಮತ್ತು 1.025ರ ಆಸುಪಾಸಿನ ಸಾಪೇಕ್ಷ ಸಾಂದ್ರತೆ ಕಾಯೋದು ಎಲ್ಲವೂ ಬಡಿಸುವ ಕೆಲಸದ್ದೇ ಭಾಗ.

ಇಷ್ಟು ಹೇಳಿದ ತಕ್ಷಣ ನಮ್ಮ ಕ್ಯಾಂಪಸ್‌ನಲ್ಲಿ ಬರುವ ಉತ್ತರ ನಮಗೆ ಗೊತ್ತು: "ಒಂದು ಆರ್ಡುಯಿನೋ, ಒಂದು ಡೋಸಿಂಗ್ ಪಂಪ್ ಇಟ್ಟರೆ ಆಯ್ತಲ್ಲ ಗುರೂ?" ಆಗಲ್ಲ. ಪಂಪ್ ಸುರಿಯೋದು ನೀರಿಗೆ, ಬಾಯಿಗಲ್ಲ. ಪಾಲಿಪ್ ಮುಚ್ಚಿಕೊಂಡಿದ್ದರೂ ಅದು ಸುರಿಯತ್ತೆ. ಊಟದಲ್ಲಿ ಬಹುಪಾಲು ಮೀನಿನ ಹೊಟ್ಟೆಗೋ ಫಿಲ್ಟರ್‌ಗೋ ಹೋಗಿ, ಮೇಲೆ ಮಾಡಿದ ನೈಟ್ರೇಟ್ ಲೆಕ್ಕ ಮಾತ್ರ ಏರತ್ತೆ. ಕಂಟ್ರೋಲ್ ಸಿಸ್ಟಮ್ಸ್ ಭಾಷೆಯಲ್ಲಿ ಇದು ಓಪನ್ ಲೂಪ್. ಲೂಪ್ ಮುಚ್ಚಬೇಕಾದರೆ ಯಾವ ಪಾಲಿಪ್ ಅರಳಿದೆ, ಯಾವುದು ನುಂಗಿತು, ಯಾವುದು ಉಗುಳಿತು ಅಂತ ನೋಡೋರು ಬೇಕು. ಕ್ಯಾಮೆರಾ ಇಟ್ಟು ಅದನ್ನೂ ಮಾಡ್ತೀವಿ ಅನ್ನೋರಿಗೆ ನಮ್ಮ ಶುಭಾಶಯ, ಒಳ್ಳೇ ಫೈನಲ್ ಇಯರ್ ಪ್ರಾಜೆಕ್ಟ್ ಆಗತ್ತೆ. ಆದರೆ ಪ್ರೋಟೋಟೈಪ್‌ನ ಮೊದಲ ಟೆಸ್ಟ್ ಕೇಸ್ ಒಂದು ಜೀವ ಆಗಬಾರದು. ನೀರಿನ ಮಟ್ಟ, ತಾಪಮಾನ, ಉಪ್ಪಿನಂಶ ಇವನ್ನೆಲ್ಲ ಧಾರಾಳವಾಗಿ ಯಂತ್ರಕ್ಕೆ ಬಿಡಿ. ಬಡಿಸೋದನ್ನು ಬಿಡಬೇಡಿ.

ಇಲ್ಲಿ ತಪ್ಪಾದರೆ ಬೇಗ ಗೊತ್ತಾಗಲ್ಲ ಅನ್ನೋದೇ ನಿಜವಾದ ಅಪಾಯ. ಮೀನು ಸತ್ತರೆ ಬೆಳಿಗ್ಗೆ ಮೇಲೆ ತೇಲತ್ತೆ. ಸನ್ ಕೋರಲ್ ತಿಂಗಳುಗಟ್ಟಲೆ ಸಾಯತ್ತೆ. ಮೊದಲು ಅರಳೋದು ಕಡಿಮೆ. ಆಮೇಲೆ ಪಾಲಿಪ್‌ಗಳ ನಡುವಿನ ಕಿತ್ತಳೆ ಮಾಂಸ ತೆಳುವಾಗಿ, ಕೆಳಗಿನ ಬಿಳಿ ಅಸ್ಥಿ ಕಾಣತ್ತೆ. ಅದರ ಮೇಲೆ ಪಾಚಿ ಹತ್ತತ್ತೆ. ಬಣ್ಣ ಇನ್ನೂ ಇರೋದರಿಂದ ನೋಡುವವರಿಗೆ ಚೆನ್ನಾಗಿದೆ ಅಂತಲೇ ಅನ್ನಿಸತ್ತೆ. "ಗಟ್ಟಿ ಪ್ರಾಣಿ ಸಾರ್, ಏನೂ ಆಗಲ್ಲ" ಅನ್ನುವ ಮಾರಾಟದ ಮಾತಿಗೆ ಈ ನಿಧಾನವೇ ಬಂಡವಾಳ.

ಸಮುದ್ರದಲ್ಲಿ ಅದು ಗಟ್ಟಿ ಪ್ರಾಣಿ ಹೌದು. ಹಿಂದೂ ಮಹಾಸಾಗರ, ಪೆಸಿಫಿಕ್ ಕಡೆಯ ಈ ಹವಳ 1940ರ ದಶಕದ ಹೊತ್ತಿಗೆ ಕೆರಿಬಿಯನ್‌ನಲ್ಲಿ ಕಾಣಿಸಿಕೊಂಡಿತ್ತು. 1980ರ ದಶಕದಲ್ಲಿ ಬ್ರೆಜಿಲ್‌ನ ತೈಲ ವೇದಿಕೆಗಳ ಮೇಲೆ ಸಿಕ್ಕಿತು, ಆಮೇಲೆ ಅಲ್ಲಿನ ಕರಾವಳಿಯ ಬಂಡೆಗಳಿಗೆ ಹಬ್ಬಿ ಸ್ಥಳೀಯ ಜೀವಿಗಳ ಜಾಗ ಕಿತ್ತುಕೊಳ್ತಿದೆ. ಕಬ್ಬಿಣದ ಕಂಬದ ಮೇಲೆ ಸಾಮ್ರಾಜ್ಯ ಕಟ್ಟುವ ಪ್ರಾಣಿ ನಮ್ಮ ಗಾಜಿನ ಪೆಟ್ಟಿಗೆಯಲ್ಲಿ ಉಪವಾಸ ಸಾಯತ್ತೆ ಅಂದರೆ ದೌರ್ಬಲ್ಯ ಅದರದಲ್ಲ. ಅಲ್ಲಿ ಹರಿವು ರಾತ್ರಿಯಿಡೀ ಬಡಿಸತ್ತೆ, ಇಲ್ಲಿ ನಾವು ಮರೀತೀವಿ. ಇನ್ನೊಂದು ಪಾಠವೂ ಇದರಲ್ಲಿದೆ. ಬೇಜಾರಾಯ್ತು ಅಂತ ಇದನ್ನು ಯಾವ ಸಮುದ್ರಕ್ಕೂ ಬಿಡಬಾರದು.

ಇನ್ನು ನಮ್ಮ ದೇಶದ ಮಾತು. ಇಲ್ಲಿ ಊಟದ ಪ್ರಶ್ನೆಗಿಂತ ಮೊದಲು ಕಾನೂನಿನ ಪ್ರಶ್ನೆ ಬರತ್ತೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲಿ ಎಲ್ಲ ಕಲ್ಲುಹವಳಗಳೂ ಸೇರಿದವು. ಹುಲಿ ಇರುವ ಪಟ್ಟಿಯೇ ಅದು. ಸನ್ ಕೋರಲ್ ಕೂಡ ಕಲ್ಲುಹವಳ. ನೇತ್ರಾಣಿಗೆ ಡೈವಿಂಗ್ ಹೋದಾಗ ಹವಳ ನೋಡಿ ಖುಷಿಪಡಿ, ಒಂದು ಚೂರು ಮುರಿದು ತಂದರೂ ಅಪರಾಧ. ಹೊರದೇಶದ್ದು ಅಂತ ಯಾರಾದರೂ ಮಾರಿದರೆ ಸೈಟಿಸ್ ಪರವಾನಗಿ ಕೇಳಿ. ಕಾಗದ ಇಲ್ಲ ಅಂದರೆ ಮಾತು ಅಲ್ಲಿಗೇ ಮುಗೀತು. ಓದೋಕೆ, ಕೆಲಸಕ್ಕೆ ಅಂತ ಹೊರದೇಶಕ್ಕೆ ಹೋಗಿ, ಅಲ್ಲಿನ ಕಾನೂನಿನೊಳಗೆ ಟ್ಯಾಂಕ್ ಕಟ್ಟುವ ನಮ್ಮವರಿಗೆ ಮೇಲಿನ ಲೆಕ್ಕಗಳು ನೇರವಾಗಿ ಬೇಕಾಗ್ತವೆ.

ನಮ್ಮ ನಿಲುವು ಇಷ್ಟು. 'ಸುಲಭ' ಅನ್ನೋ ಪದವನ್ನು ಈ ಹವಳದ ಪಕ್ಕದಿಂದ ತೆಗೆದುಹಾಕಬೇಕು. ಕೊಳ್ಳಬೇಕು ಅನ್ನಿಸಿದವರು ಮೊದಲು ಒಂದು ತಿಂಗಳು ಹವಳ ಇಲ್ಲದೆಯೇ ವಾರಕ್ಕೆ ಮೂರು ಸಲ, ಅದೇ ಹೊತ್ತಿಗೆ, ಅರ್ಧ ಗಂಟೆ ಟ್ಯಾಂಕ್ ಮುಂದೆ ಕೂತು ನೋಡಿ. ಒಂದು ಸಲವೂ ತಪ್ಪದಿದ್ದರೆ ಕೊನೇ ಪ್ರಶ್ನೆ ಒಂದಿದೆ: ನೀವು ರಜೆಗೆ ಊರಿಗೆ ಹೋದಾಗ ಪಿಪೆಟ್ ಹಿಡಿಯೋರು ಯಾರು? ಅದಕ್ಕೆ ಒಬ್ಬರ ಹೆಸರು ಹೇಳೋಕೆ ಆದರೆ ತನ್ನಿ. ಆಗದಿದ್ದರೆ ಸಮುದ್ರವೇ ಬಡಿಸಲಿ.