ಸಾಮಾನು ನಮ್ಮದು, ರುಜು ನಮ್ಮದು, ಭಾಷೆ ಯಾರದು?



ಮನೆ ಬದಲಾಯಿಸುವ ದಿನ ಲಾರಿಯವನು ನೀಡುವ ಕಾಗದವನ್ನು ನೀವು ಎಂದಾದರೂ ಓದಿ ರುಜು ಹಾಕಿದ್ದೀರಾ? ಇಲ್ಲ. ನಾನೂ ಓದಿರಲಿಲ್ಲ. ನಾಚಿಕೆಯ ಮಾತೆಂದರೆ, ಅಂಥ ಕಾಗದಗಳನ್ನು ಅಚ್ಚು ಹಾಕಿಯೇ ಹೊಟ್ಟೆ ಹೊರೆಯುವವನು ನಾನು!

ನಮ್ಮೂರು ಗೌರಿಬಿದನೂರು ತಾಲ್ಲೂಕಿನ ಅಲೀಪುರ. ಹರಳಿನ ಕೆಲಸಕ್ಕೆ ಹೆಸರಾದ ಊರು. ಮನೆಯೊಳಗೆ ಉರ್ದು, ಸಂತೆಯಲ್ಲಿ ತೆಲುಗು, ಕಾಗದದ ಮೇಲೆ ಕನ್ನಡ. ಹೀಗೆ ಮೂರು ನಾಲಿಗೆಯಲ್ಲಿ ಬದುಕುವ ನಮಗೆ ಯಾವ ಭಾಷೆಯ ಮೇಲೂ ಹಗೆಯಿಲ್ಲ. ನನ್ನ ಜಗಳವೇನಿದ್ದರೂ ಆರು ಪಾಯಿಂಟಿನ ಇಂಗ್ಲಿಷಿನ ಮೇಲೆ.

ಅಣ್ಣನ ಸಂಸಾರ ಬೆಂಗಳೂರಿಗೆ ಹೊರಟಿತ್ತು. ಹಿಂದೆಲ್ಲ ಇಂಥ ಕೆಲಸಕ್ಕೆ ಒಂದು ಟೆಂಪೋ, ಬೀದಿಯ ನಾಲ್ಕು ಹುಡುಗರು, ಮಧ್ಯಾಹ್ನಕ್ಕೆ ಬಿರಿಯಾನಿ ಇದ್ದರೆ ಆಯಿತು. ಈ ಸಲ ಅಣ್ಣನ ಮಗ, "ಪ್ಯಾಕರ್ಸ್ ಅಂಡ್ ಮೂವರ್ಸ್ ಕರೆಸೋಣ ಚಾಚಾ, ಅವರೇ ಕಟ್ಟಿ ಅವರೇ ಇಳಿಸ್ತಾರೆ" ಅಂದ. ಫೋನಿನಲ್ಲಿ ಹಿಂದಿಯಲ್ಲಿ ಮಾತಾಡಿದ ಪುಣ್ಯಾತ್ಮ ಮನೆ ನೋಡಲೂ ಬಾರದೆ ಹದಿನಾಲ್ಕು ಸಾವಿರ ಅಂದ. ಲಾರಿ ಬಂತು. ಹುಡುಗರು ಅಚ್ಚುಕಟ್ಟಾಗಿ ಕಟ್ಟಿದರು, ಸುಳ್ಳು ಹೇಳಬಾರದು. ಹೊರಡುವ ಗಡಿಬಿಡಿಯಲ್ಲಿ ಒಂದು ಹಾಳೆ ಹಿಡಿದರು. ಅಣ್ಣ ಲಾರಿಯ ಬಾನೆಟ್ಟಿನ ಮೇಲಿಟ್ಟು ರುಜು ಹಾಕಿದ.

ಯಲಹಂಕದ ಹತ್ತಿರ ಲಾರಿ ನಿಂತಿತು. ಸಾಮಾನು ಜಾಸ್ತಿಯಾಗಿದೆ, ಇನ್ನೂ ಎಂಟು ಸಾವಿರ ಬೇಕು, ಇಲ್ಲದಿದ್ದರೆ ಇಳಿಸುವುದಿಲ್ಲ! ರಾತ್ರಿ ಒಂಬತ್ತು ಗಂಟೆ. ಹಾಸಲು ಚಾಪೆಯೂ ಇಲ್ಲದ ಖಾಲಿ ಮನೆಯಲ್ಲಿ ಅತ್ತಿಗೆ, ಮಕ್ಕಳು ಕಾಯುತ್ತಿದ್ದಾರೆ. ಕೊಟ್ಟೆವು. ಇಳಿಸಿ ಬಿಚ್ಚಿದರೆ ಅತ್ತಿಗೆಯ ತವರಿನವರು ಮದುವೆಗೆ ಕೊಟ್ಟ ಬೀರುವಿನ ಕನ್ನಡಿ ಎರಡು ಹೋಳು. ಕೇಳಿದರೆ, "ಕಾಗದ ನೋಡಿ ಸಾರ್" ಅಂದರು.

ಆಗ ಕನ್ನಡಕ ಹಾಕಿಕೊಂಡು ಓದಿದೆ. ದರ ಬದಲಾಗಬಹುದು. ಒಡೆದರೆ, ಕಳೆದರೆ ಮಾಲೀಕರದೇ ಹೊಣೆ. ತಕರಾರೇನಿದ್ದರೂ ದೂರದ ಇನ್ನೊಂದು ರಾಜ್ಯದ ಕೋರ್ಟಿನಲ್ಲಿ ಮಾತ್ರ. ಈ ಮೂರು ಸಾಲು ನನಗೆ ಹೊಸದಾಗಿರಲಿಲ್ಲ. ಕೆಲವು ವರ್ಷಗಳ ಹಿಂದೆ ಬೇರೊಬ್ಬ ಗಿರಾಕಿಯ ಬಿಲ್ ಬುಕ್ಕಿಗೆ ಇದೇ ಸಾಲುಗಳನ್ನು ನಾನೇ ಕೂಡಿಸಿದ್ದೆ. ಪ್ರೂಫ್ ಕೂಡ ನಾನೇ ನೋಡಿದ್ದೆ. ಸ್ಪೆಲ್ಲಿಂಗ್ ಸರಿಯಿತ್ತು. ಅರ್ಥ ನೋಡುವುದು ನನ್ನ ಕೆಲಸವಲ್ಲ ಅಂದುಕೊಂಡಿದ್ದೆ.

ಆಮೇಲೆ ಪರಿಚಯದ ವಕೀಲರ ಹತ್ತಿರ ಕುಳಿತು ತಿಳಿದುಕೊಂಡದ್ದನ್ನು ನಿಮಗೂ ಹೇಳುತ್ತೇನೆ, ಕೇಳಿ. ಬಾಡಿಗೆಗೆ ಸರಕು ಸಾಗಿಸುವವರಿಗೆ 2007ರ ರಸ್ತೆ ಮೂಲಕ ಸಾಗಣೆ ಕಾಯ್ದೆ ಅಂತ ಒಂದಿದೆ. 2011ರಿಂದ ಜಾರಿಯಲ್ಲಿದೆ. ಸಾಗಣೆದಾರ ನೋಂದಣಿ ಮಾಡಿಸಿರಬೇಕು, ಸರಕಿಗೆ ರಸೀದಿ ಕೊಡಬೇಕು. ಸಾಮಾನು ಒಡೆದರೆ ಅಥವಾ ಕಳೆದರೆ ಅವನ ನಿರ್ಲಕ್ಷ್ಯವನ್ನು ನೀವು ರುಜುವಾತು ಮಾಡಬೇಕಾಗಿಲ್ಲ. ಆದರೆ ಅವನ ಹೊಣೆಗೂ ಮಿತಿಯಿದೆ, ಸಾಗಣೆ ಬಾಡಿಗೆಯ ಹತ್ತು ಪಟ್ಟು. ಅದಕ್ಕಿಂತ ಬೆಲೆಬಾಳುವ ಸಾಮಾನಿದ್ದರೆ ಮೊದಲೇ ಬೆಲೆ ಬರೆಸಿ ಹೆಚ್ಚಿನ ದರ ಕಟ್ಟಬೇಕು. ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಡದಿದ್ದರೆ ಈ ಕಾಯ್ದೆಯಡಿ ದಾವಾ ನಿಲ್ಲುವುದಿಲ್ಲ. ನಾವು ಬಾಯಲ್ಲಿ ಜಗಳವಾಡಿ ಬಂದೆವು, ನೋಟಿಸ್ ಕೊಡಲಿಲ್ಲ.

ದೂರದ ಕೋರ್ಟಿನ ಬೆದರಿಕೆಗೂ ಹೆದರಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಐದು ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವೇ ಇಲ್ಲ. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಕಟ್ಟುವ ವಿಷಯ. ಇದನ್ನು ನನಗೆ ಕಲಿಸಿದ್ದು ಅಪ್ಪ. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ನಮ್ಮ ಪ್ರೆಸ್ಸನ್ನು ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಸಾಗಿಸಿದೆವು. ಕನ್ನಡದ ಮೊಳೆ ಅಂದರೆ ಸಾಮಾನ್ಯವೇ? ಕಾಗುಣಿತ, ಒತ್ತಕ್ಷರ ಎಲ್ಲಕ್ಕೂ ಬೇರೆ ಬೇರೆ ಖಾನೆ. ಒಂದು ಕೇಸು ಮಗುಚಿದರೆ ವಾರಗಟ್ಟಲೆ ಕುಳಿತು ಆರಿಸಬೇಕು. ಅಪ್ಪ ಪ್ರತಿ ಕೇಸಿಗೂ ಸೀಮೆಸುಣ್ಣದಲ್ಲಿ ನಂಬರ್ ಹಾಕಿದರು, ಅದನ್ನೇ ನೋಟ್‌ಬುಕ್ಕಿನಲ್ಲಿ ಬರೆದರು, ಇಳಿಸುವಾಗ ಬಾಗಿಲಲ್ಲಿ ನಿಂತು ಒಂದೊಂದಕ್ಕೂ ಗೆರೆ ಎಳೆದರು. ಒಂದು ಮೊಳೆಯೂ ಚೆಲ್ಲಲಿಲ್ಲ.

ನೀವೂ ಹಾಗೇ ಮಾಡಿ. ಮನೆಗೆ ಬಂದು ಸಾಮಾನು ನೋಡಿ ಬರೆದುಕೊಡದ ದರ ದರವೇ ಅಲ್ಲ. ಡಬ್ಬ ಡಬ್ಬಕ್ಕೂ ನಂಬರ್ ಹಾಕಿ ಪಟ್ಟಿಯನ್ನು ಎರಡು ಪ್ರತಿ ಮಾಡಿ, ಒಂದಕ್ಕೆ ಅವರ ರುಜು ಹಾಕಿಸಿ ಇಟ್ಟುಕೊಳ್ಳಿ. ಟಿವಿ, ಬೀರು, ಫ್ರಿಜ್ ಹೊರಡುವ ಮೊದಲೇ ಫೋಟೋ ತೆಗೆಯಿರಿ. ಪುಸ್ತಕಗಳನ್ನು ಸಣ್ಣ ಡಬ್ಬಕ್ಕೆ ತುಂಬಿ. ಕಾಗದದ ಭಾರ ಎಷ್ಟೆಂದು ನಮ್ಮಂಥವರನ್ನು ಕೇಳಬೇಕು, ದೊಡ್ಡ ಡಬ್ಬದ ತಳ ಕಿತ್ತೇ ಬರುತ್ತದೆ. ಒಡವೆ, ಮಾರ್ಕ್ಸ್ ಕಾರ್ಡ್, ಮನೆ ಪತ್ರ ನಿಮ್ಮ ಕೈಚೀಲದಲ್ಲೇ ಇರಲಿ. ಗ್ಯಾಸ್ ಸಿಲಿಂಡರನ್ನು ಲಾರಿಗೆ ಹತ್ತಿಸಬೇಡಿ. ಬೇರೆ ಊರಿಗಾದರೆ ಏಜೆನ್ಸಿಗೆ ಒಪ್ಪಿಸಿ ಚೀಟಿ ಪಡೆಯಿರಿ. ಬಳಸಿದ ಮನೆ ಸಾಮಾನಿಗೆ ಇ-ವೇ ಬಿಲ್ ಬೇಕಿಲ್ಲ. ಹಿಂದೂಪುರದ ಗಡಿ ದಾಟುವವರ ಹತ್ತಿರ ಆ ಹೆಸರಿನಲ್ಲಿ ದುಡ್ಡು ಕೇಳಿದರೆ ಕೊಡಬೇಡಿ. ಮತ್ತೆ, ಹೊಸ ವಿಳಾಸದಲ್ಲಿ ಮತದಾರರ ಪಟ್ಟಿಗೆ ನಮೂನೆ 8 ತುಂಬಿ. ಬೆಂಗಳೂರಿನಲ್ಲಿ ಹತ್ತು ವರ್ಷ ಬಾಡಿಗೆಗಿದ್ದೂ ಓಟಿಲ್ಲದ ಕನ್ನಡದ ಹುಡುಗರನ್ನು ನಾನು ನೋಡಿದ್ದೇನೆ!

ಇನ್ನೊಂದು ಮಾತು. ಸಾಮಾನು ಹೊತ್ತು ತಂದ ಹುಡುಗರ ಮೇಲೆ ರೇಗಬೇಡಿ. ನಮ್ಮ ಲಾರಿಯಲ್ಲಿ ಬಂದ ಮೂವರೂ ಬಿಹಾರದವರು. ಅವರಿಗೂ ಆ ಕಾಗದ ಓದಲು ಬರುತ್ತಿರಲಿಲ್ಲ. ಎಂಟು ಸಾವಿರದಲ್ಲಿ ಅವರ ಕೈಗೆ ಎಂಟು ರೂಪಾಯಿಯಾದರೂ ಬಂದಿರಲಾರದು. ಕೇಳಬೇಕಾದದ್ದು ಆಫೀಸಿನಲ್ಲಿ ಕುಳಿತವನನ್ನು. ಕರ್ನಾಟಕದಲ್ಲಿ ಗಿರಾಕಿ ಹುಡುಕುತ್ತೀಯೆ, ಅಡ್ವಾನ್ಸನ್ನು ಫೋನಿನಲ್ಲೇ ಹಾಕಿಸಿಕೊಳ್ಳುತ್ತೀಯೆ, ಷರತ್ತನ್ನು ಮಾತ್ರ ಕನ್ನಡದಲ್ಲಿ ಬರೆಯಲು ಏನು ಕಷ್ಟ? ಖರ್ಚಿನ ನೆಪ ಹೇಳಿದರೆ ನಂಬಬೇಡಿ. ಹಾಳೆಯ ಹಿಂಬದಿ ಹೇಗೂ ಖಾಲಿ ಇರುತ್ತದೆ. ಒಂದು ಸಲ ಕಂಪೋಸ್ ಮಾಡಿದರೆ ಸಾವಿರ ಪ್ರತಿಗೆ ತಗಲುವ ಹೆಚ್ಚಿನ ಖರ್ಚು ಪ್ರತಿ ಹಾಳೆಗೆ ಪೈಸೆಗಳ ಲೆಕ್ಕ. ಇದು ಪ್ರೆಸ್ಸಿನವನ ಮಾತು.

ಕಳೆದ ತಿಂಗಳು ಅಂಥದೇ ಒಬ್ಬ ಗಿರಾಕಿ ಬಿಲ್ ಬುಕ್ಕಿಗಾಗಿ ನಮ್ಮ ಅಂಗಡಿಗೆ ಬಂದ. ಅದೇ ಮೂರು ಸಾಲು. ಹಿಂಬದಿಗೆ ಕನ್ನಡದಲ್ಲಿ, ಹನ್ನೆರಡು ಪಾಯಿಂಟಿನಲ್ಲಿ, ಅದೇ ಷರತ್ತು ಹಾಕಿ ಪ್ರೂಫ್ ತೋರಿಸಿದೆ. ಕಂಪೋಸಿಂಗ್ ಪುಕ್ಕಟೆ ಅಂದೆ. ಎರಡು ಸಲ ಓದಿದ. "ಹೀಗೆ ಹಾಕಿದರೆ ಯಾರು ಸಾರ್ ರುಜು ಹಾಕ್ತಾರೆ?" ಅಂದ. ನಾಳೆ ಬರುತ್ತೇನೆ ಅಂತ ಹೋದವನು ಇನ್ನೂ ಬಂದಿಲ್ಲ. ಪುಟ ಕಂಪ್ಯೂಟರಿನಲ್ಲೇ ಇದೆ.