ಹುಟ್ಟುಗುಣ ಸುಟ್ಟರೂ ಹೋಗದೇ?

"ಎಷ್ಟು ಹೊಡೆದರೂ ಅಷ್ಟೇ, ಇವನಿಗೆ ಹೆದರಿಕೆಯೇ ಇಲ್ಲ" ಎಂದು ಮಗನನ್ನು ದೂರುವ ತಾಯಂದಿರನ್ನು ನಾವೆಲ್ಲ ಕಂಡಿದ್ದೇವೆ. ಪಕ್ಕದಲ್ಲಿ ಕುಳಿತ ಅಜ್ಜಿ "ಹುಟ್ಟುಗುಣ ಸುಟ್ಟರೂ ಹೋಗದು" ಎಂದು ಮಾತು ಮುಗಿಸಿಬಿಡುತ್ತಾರೆ. ಈ ಗಾದೆಯನ್ನು ಪೂರ್ತಿ ಒಪ್ಪಲು ನಮಗೆ ಮನಸ್ಸಿಲ್ಲ.

ಸಮಾಜವಿರೋಧಿ ವ್ಯಕ್ತಿತ್ವ ದೋಷವನ್ನು ವೈದ್ಯರು ಗುರುತಿಸುವುದು ಬಹುಮಟ್ಟಿಗೆ ನಡತೆಯಿಂದ. ಮತ್ತೆ ಮತ್ತೆ ಸುಳ್ಳು, ಮೋಸ, ಹೊಡೆದಾಟ, ಮಾಡಿದ್ದಕ್ಕೆ ಪಶ್ಚಾತ್ತಾಪವಿಲ್ಲ. ನಡತೆಯ ತೊಂದರೆ 15 ವರ್ಷಕ್ಕೆ ಮೊದಲೇ ಶುರುವಾಗಿರಬೇಕು; ಆದರೂ 18 ತುಂಬುವವರೆಗೆ ಯಾರಿಗೂ ಈ ಹೆಸರು ಹಚ್ಚುವಂತಿಲ್ಲ. ಸೈಕೋಪತಿ ಇನ್ನೂ ಒಳಗಿನದು: ಅಂಜಿಕೆಯಿಲ್ಲ, ಮರುಕವಿಲ್ಲ, ಮೇಲೆ ಮಾತ್ರ ಸಿಹಿಮಾತು. ಸೆರೆಮನೆಯಲ್ಲಿ ಮೊದಲನೆಯದು ಬಹಳ ಜನರಲ್ಲಿದೆ, ಎರಡನೆಯದು ಅವರಲ್ಲಿ ಕೆಲವರಲ್ಲಿ ಮಾತ್ರ. (ಸಿನಿಮಾ ನೋಡಿ ಸಿಕ್ಕಸಿಕ್ಕವರನ್ನು 'ಸೈಕೋ' ಎನ್ನುವುದನ್ನು ನಮ್ಮ ಹುಡುಗರು ಬಿಟ್ಟರೆ ಒಳ್ಳೆಯದು.)

ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಲಿಕ್ಕನ್ 1957ರಲ್ಲಿ ಇಂಥವರಿಗೆ ಒಂದು ಒಗಟಿನ ಯಂತ್ರ ಕೊಟ್ಟರು. ಪ್ರತಿ ಹಂತದಲ್ಲಿ ನಾಲ್ಕು ಹಿಡಿಕೆ. ಒಂದು ಸರಿ, ಮೂರು ತಪ್ಪು. ಆ ಮೂರರಲ್ಲಿ ಒಂದನ್ನು ಒತ್ತಿದರೆ ವಿದ್ಯುತ್ ಶಾಕ್. ದಾರಿಯನ್ನು ಅವರು ಉಳಿದವರಷ್ಟೇ ಚೆನ್ನಾಗಿ ಕಲಿತರು, ಶಾಕ್ ತಪ್ಪಿಸಿಕೊಳ್ಳುವುದನ್ನು ಮಾತ್ರ ಅಷ್ಟಾಗಿ ಕಲಿಯಲಿಲ್ಲ. ಬುದ್ಧಿ ಇತ್ತು, ಶಿಕ್ಷೆಯ ಭಯ ಒಳಗೆ ಇಳಿಯುತ್ತಿರಲಿಲ್ಲ.

ಹಾಗಾದರೆ ಹೆದರದ ಮಗು ಕೆಟ್ಟೇ ಹೋಗುತ್ತದೆಯೇ? ವೀರನೂ ಇಂಥವನೂ ಒಂದೇ ಕೊಂಬೆಯ ಎರಡು ರೆಂಬೆಗಳೆಂದು ಲಿಕ್ಕನ್ ಅವರೇ ವಾದಿಸಿದರು. ಅಯೋವಾದಲ್ಲಿ ಎಳೆಯ ಮಕ್ಕಳನ್ನು ಕೆಲವು ವರ್ಷ ಗಮನಿಸಿದ ಗ್ರಜೀನಾ ಕೊಹಾನ್ಸ್ಕಾ 1997ರಲ್ಲಿ ಪ್ರಕಟಿಸಿದ್ದು ನಮಗೆ ಇನ್ನೂ ಮುಖ್ಯವೆನಿಸುತ್ತದೆ. ಅಂಜುಬುರುಕ ಮಕ್ಕಳಲ್ಲಿ ಮನಸ್ಸಾಕ್ಷಿ ಬೆಳೆದದ್ದು ಮೆಲುದನಿಯ ತಿದ್ದುವಿಕೆಯಿಂದ. ಅಂಜದ ಮಕ್ಕಳಲ್ಲಿ ಅದು ಫಲ ಕೊಡಲಿಲ್ಲ. ಅಲ್ಲಿ ಫಲ ಕೊಟ್ಟದ್ದು ತಾಯಿಮಕ್ಕಳ ನಂಟು, ಕರೆದಾಗ ಓಗೊಡುವ, ಜೊತೆಗೆ ಕೂತು ನಗುವ ತಾಯಿ. ಭಯಕ್ಕೆ ಬಗ್ಗದ ಮಗು ಪ್ರೀತಿಯನ್ನು ಕಳೆದುಕೊಳ್ಳಬಾರದೆಂದು ಬಗ್ಗುತ್ತದೆ. ಮನೆಯಲ್ಲಿ ಬೆತ್ತ ಹರಿಯುವುದು ಆ ನಂಟನ್ನೇ.

ಆದರೂ ಪ್ರೀತಿಯೊಂದೇ ಸಾಲದ ಮಕ್ಕಳಿದ್ದಾರೆ. ನಾಯಿ-ಬೆಕ್ಕುಗಳನ್ನು ಹಿಂಸಿಸುವುದು, ಬೆಂಕಿ ಹಚ್ಚುವುದು, ತಮ್ಮತಂಗಿಯರ ನೋವಿಗೆ ಕರಗದಿರುವುದು ಮತ್ತೆ ಮತ್ತೆ ಕಂಡರೆ "ದೊಡ್ಡವನಾದ ಮೇಲೆ ಸರಿಹೋಗುತ್ತಾನೆ" ಎಂದು ಕಾಯದೆ ಮಕ್ಕಳ ಮನೋವೈದ್ಯರನ್ನು ಕಾಣಬೇಕು. ಗಡಿಯಾಚೆ ಇರುವ ನಮಗೆ ನಮ್ಮ ಭಾಷೆಯಲ್ಲಿ ಹೇಳಿಕೊಳ್ಳುವುದೇ ಕಷ್ಟ. 2022ರಲ್ಲಿ ಶುರುವಾದ ಸರ್ಕಾರದ ಟೆಲಿ-ಮಾನಸ್, 14416ರಲ್ಲಿ, ಕನ್ನಡದಲ್ಲೂ ಮಾತಾಡಬಹುದು, ಹಣ ಕೊಡಬೇಕಿಲ್ಲ.